ಹನ್ನೊಂದನೇ ಮಾದರಿ ಮತ್ತು ಒಂದು ಖಾಲಿ ಬಾಟಲಿ

ಆ ದಿನ ಆ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಮೇಜಿನ ಆಚೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರಾದ ಡಾ. ಅನಂತರಾಮ್. ಈಚೆ ಬೋಗಾದಿಯಿಂದ ಬಂದಿದ್ದ ಮೂವರು: ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ನಂಜುಂಡ, ಅವನ ತಾಯಿ ಪುಟ್ಟತಾಯಮ್ಮ, ಅವನ ಹೆಂಡತಿ ರೂಪಾ. ಗೋಡೆಗೆ ಒರಗಿ ನಿಂತಿದ್ದವಳು ನಾನು. ಕೋಣೆಯಲ್ಲಿದ್ದದ್ದು ನಾಲ್ಕೇ ಕುರ್ಚಿ. ಐದನೆಯದನ್ನು ತರಿಸೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಅವರೆಲ್ಲರ ಹೆಸರನ್ನೂ ಇಲ್ಲಿ ಬದಲಿಸಿದ್ದೇನೆ. ಆಡಿದ ಮಾತುಗಳನ್ನು ಮಾತ್ರ ಬದಲಿಸಿಲ್ಲ.

"ಮೊಟ್ಟೆ ಎಲ್ಲಿ ಮೇಡಂ?" ಎಂದ ನಂಜುಂಡ, ನೇರವಾಗಿ ನನ್ನ ಕಡೆ ತಿರುಗಿ. "ಸಂಶೋಧನೆಗೆ ಅಂತ ಪೇಪರ್‌ಗೆ ಸೈನ್ ಹಾಕುಸ್ಕೊಂಡ್ರಲ್ಲ, ನೀವೇ ಅಲ್ವಾ ಅದು? ನಮ್ ಮೊಟ್ಟೆ ತಗೊಂಡೋಗಿ ಯಾರ್ಗ್ ಕೊಟ್ರಿ?"

"ಒಂಬತ್ತು ಗುಳ್ಳೆ ಅವೆ ಅಂತ ಸ್ಕ್ಯಾನಿಂಗ್ ಟಿವಿಲಿ ತೋರ್ಸುದ್ರಿ," ಎಂದರು ಪುಟ್ಟತಾಯಮ್ಮ. "ಒಂಬತ್ರಲ್ಲಿ ಒಂದೂ ಇಲ್ಲ ಅಂದ್ರೆ ಯಾವ್ ಕಿವಿಲಿ ಕೇಳೋದು ನಾವು? ಇಲ್ಲ, ಇವ್ಳೇ ಖಾಲಿ. ಅದ್ನಾದ್ರೂ ನೆಟ್ಗೆ ಯೋಳ್ಬುಡಿ. ಕರ್ಕೊಂಡೋಗಿ ಅವ್ರಪ್ಪನ್ ಮನೇಲಿ ಬುಟ್ ಬತ್ತೀವಿ."

ರೂಪಾ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಫೈಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಆ ಫೈಲಿನ ಕೊನೆಯ ಹಾಳೆಯಲ್ಲಿ ಡಾಕ್ಟರು ಬರೆದದ್ದು ಎರಡು ಸಾಲು. ಒಂದನೆಯದು: ಫಾಲಿಕಲ್‌ಗಳು ಖಾಲಿ, ಅಂಡ ಇಲ್ಲ. ಎರಡನೆಯದು: ದಾನಿಯ ಅಂಡ ಪಡೆಯುವಂತೆ ಸಲಹೆ. ಮೂವತ್ತೊಂದು ವರ್ಷದ ಹೆಂಗಸಿಗೆ ಇನ್ನು ನಿನ್ನದೇ ಮಗು ಇಲ್ಲ ಎಂದು ಹೇಳಲು ಅಷ್ಟು ಸಾಕಾಗಿತ್ತು.

ಇದು ಕೋವಿಡ್ ಹಾವಳಿ ತಗ್ಗಿದ ಮರುವರ್ಷದ ಮಾತು. ಕಾಲೇಜಿನಲ್ಲಿ ಜೀವರಸಾಯನ ಪಾಠ ಹೇಳಿ ನಿವೃತ್ತಳಾಗಿದ್ದ ನಾನು, ಮೈಸೂರಿನ ಒಂದು ಖಾಸಗಿ ಬಂಜೆತನ ಚಿಕಿತ್ಸಾಲಯದಲ್ಲಿ ಗುತ್ತಿಗೆಯ ಮೇಲೆ ಸಂಶೋಧನಾಧಿಕಾರಿಯಾಗಿ ಸೇರಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೋಣೆ ಚಿಕ್ಕದು. ಕೋವಿಡ್ ಪರೀಕ್ಷೆಗೆಂದು ಕೊಂಡಿದ್ದ ಆರ್‌ಟಿ-ಪಿಸಿಆರ್ ಯಂತ್ರ ಕೆಲಸವಿಲ್ಲದೆ ಧೂಳು ತಿನ್ನುತ್ತಿತ್ತು. ಅದಕ್ಕೊಂದು ಕೆಲಸ ಕೊಡಲು ನನ್ನನ್ನು ಕರೆದಿದ್ದರು ಎಂದರೂ ತಪ್ಪಾಗದು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಷ್ಟವೇನಿಲ್ಲ. ಹೆಣ್ಣಿನ ಅಂಡಾಶಯದಲ್ಲಿ ಅಂಡ ಒಂಟಿಯಾಗಿ ಬೆಳೆಯುವುದಿಲ್ಲ. ನೀರು ತುಂಬಿದ ಸಣ್ಣ ಗುಳ್ಳೆಯೊಳಗೆ ಬೆಳೆಯುತ್ತದೆ. ಆ ಗುಳ್ಳೆಗೆ ಫಾಲಿಕಲ್ ಎನ್ನುತ್ತಾರೆ. ಗುಳ್ಳೆಯ ಒಳಗೋಡೆಗೆ ಅಂಟಿಕೊಂಡು ಅಂಡವನ್ನು ಸಾಕುವ ಜೀವಕೋಶಗಳ ಹೆಸರು ಗ್ರ್ಯಾನುಲೋಸಾ. ರಕ್ತದಲ್ಲಿ ಬರುವ ಹಾರ್ಮೋನು ಈ ಜೀವಕೋಶಗಳಿಗೆ ಏನಾದರೂ ಹೇಳಬೇಕಾದರೆ ಅವುಗಳ ಮೈಮೇಲೆ ಆ ಹಾರ್ಮೋನಿಗೆ ತಕ್ಕ ರಿಸೆಪ್ಟರ್ ಇರಬೇಕು. ಮನೆ ಬಾಗಿಲಿನ ಕಾಲಿಂಗ್ ಬೆಲ್ ಎಂದುಕೊಳ್ಳಿ. ಬೆಲ್ ಇಲ್ಲದ ಮನೆಯ ಮುಂದೆ ನೆಂಟ ಎಷ್ಟು ಹೊತ್ತು ನಿಂತರೂ ಒಳಗಿನವರಿಗೆ ತಿಳಿಯದು.

ಮೊದಲು ಬರುವ ನೆಂಟ ಎಫ್‌ಎಸ್‌ಎಚ್. ಅದರ ಬೆಲ್ ಮೊದಲಿನಿಂದಲೂ ಇರುತ್ತದೆ. ಅದು ಕೆಲವು ದಿನ ಬೆಲ್ ಒತ್ತುತ್ತಾ ಹೋದಂತೆ ಗುಳ್ಳೆ ದೊಡ್ಡದಾಗುತ್ತದೆ, ಜೊತೆಗೆ ಒಂದು ಸೋಜಿಗ ನಡೆಯುತ್ತದೆ: ಜೀವಕೋಶಗಳು ಮುಂದೆ ಬರಲಿರುವ ಎಲ್‌ಎಚ್ ಎಂಬ ಇನ್ನೊಬ್ಬ ನೆಂಟನಿಗಾಗಿ ಹೊಸ ಬೆಲ್‌ಗಳನ್ನು ತಾವೇ ಕೂರಿಸಿಕೊಳ್ಳುತ್ತವೆ. ಗುಳ್ಳೆ ಮಾಗುವ ಹೊತ್ತಿಗೆ ಗೋಡೆ ತುಂಬ ಎಲ್‌ಎಚ್ ಬೆಲ್. ಆಗ ಎಲ್‌ಎಚ್ ಒಮ್ಮೆಲೇ ನುಗ್ಗಿ ಬಂದು ಎಲ್ಲ ಬೆಲ್‌ಗಳನ್ನೂ ಬಾರಿಸುತ್ತದೆ. ಆ ಗದ್ದಲದಲ್ಲೇ ಅಂಡ ಪಕ್ವವಾಗುವುದು, ಗೋಡೆಯ ಹಿಡಿತ ಬಿಟ್ಟು ನೀರಿಗೆ ಇಳಿಯುವುದು. ಚಿಕಿತ್ಸೆಯಲ್ಲಿ ಎಲ್‌ಎಚ್ ಬದಲು ಎಚ್‌ಸಿಜಿ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದೂ ಅದೇ ಬೆಲ್ ಒತ್ತುತ್ತದೆ. ಆಸ್ಪತ್ರೆಯ ಮಾತಿನಲ್ಲಿ ಅದು ಟ್ರಿಗರ್. ಟ್ರಿಗರ್ ಹಾಕಿ ಮೂವತ್ತಾರು ಗಂಟೆಗೆ ಸೂಜಿಯಿಂದ ಗುಳ್ಳೆಯ ನೀರನ್ನು ಹೀರಿ ಅಂಡ ತೆಗೆಯುತ್ತಾರೆ.

ಗದ್ದಲ ಮುಗಿದ ಮೇಲೆ ಜೀವಕೋಶಗಳಿಗೆ ಸಾಕುಸಾಕಾಗುತ್ತದೆ. ಬೆಲ್‌ಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅಷ್ಟೇ ಅಲ್ಲ, ಹೊಸ ಬೆಲ್ ಮಾಡಲು ಬರೆದಿಟ್ಟ ಆದೇಶವನ್ನೇ, ಅಂದರೆ ಎಂಆರ್‌ಎನ್‌ಎಯನ್ನೇ, ಒಂದು ಪ್ರೋಟೀನು ಬಂದು ಹಿಡಿದು ನಾಶಕ್ಕೆ ಒಯ್ಯುತ್ತದೆ. ಟ್ರಿಗರ್ ಆದ ಮೇಲೆ ಈ ಆದೇಶ ಎಷ್ಟು ಉಳಿದಿರುತ್ತದೆ ಎಂದು ಅಳೆಯುವುದೇ ನನ್ನ ಕೆಲಸ. ಅಂಡ ತೆಗೆದ ಮೇಲೆ ಚರಂಡಿಗೆ ಹೋಗುತ್ತಿದ್ದ ನೀರನ್ನು, ಹೆಂಗಸರ ಒಪ್ಪಿಗೆ ಪಡೆದು ನಾನು ಇಸಿದುಕೊಳ್ಳುತ್ತಿದ್ದೆ. ಅದರಲ್ಲಿ ತೇಲುವ ಗ್ರ್ಯಾನುಲೋಸಾ ಜೀವಕೋಶಗಳನ್ನು ತೊಳೆದು ಫ್ರೀಜರಿನಲ್ಲಿ ಇಡುವುದು, ಹತ್ತು ಹನ್ನೆರಡು ಸೇರಿದ ಮೇಲೆ ಒಟ್ಟಿಗೆ ಯಂತ್ರಕ್ಕೆ ಹಾಕುವುದು. ಟ್ಯೂಬಿನ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಡಾಕ್ಟರ ಬಳಿ ಇರುತ್ತಿತ್ತು.

ರೂಪಾಳ ದಿನ ನನಗೆ ನೆನಪಿದೆ. ಗುಳ್ಳೆಗಳು ಒಂಬತ್ತು. ಒಂದೊಂದೇ ಟ್ಯೂಬು ಬರುತ್ತಿತ್ತು, ಸೂಕ್ಷ್ಮದರ್ಶಕದ ಮುಂದೆ ಕೂತ ಹುಡುಗಿ ಒಂದೊಂದಕ್ಕೂ "ಇಲ್ಲ" ಎನ್ನುತ್ತಿದ್ದಳು. ಒಂಬತ್ತು ಸಲ. ಕೊನೆಕೊನೆಗೆ ಅವಳ ದನಿ ಇಳಿದು ಹೋಗಿತ್ತು. ಪ್ರತಿ ಟ್ಯೂಬಿನ ನೀರೂ ಆಗಿಂದಾಗಲೇ ನನ್ನ ಮೇಜಿಗೆ ಬರುತ್ತಿತ್ತು. ಯಾವತ್ತೂ ಆ ಜೀವಕೋಶಗಳು ಲೋಳೆಲೋಳೆಯಾಗಿ, ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಜಾರುತ್ತವೆ. ಅಂದು ಮೊದಲ ಟ್ಯೂಬಿನಿಂದಲೇ ಸಿಕ್ಕದ್ದು ಸ್ವಲ್ಪ, ಅದೂ ಹರಿದ ಹಾಳೆಯ ಚೂರುಗಳಂತೆ ಗಟ್ಟಿಯಾಗಿತ್ತು. "ಹನ್ನೊಂದು: ಹಾಳೆಯಂತೆ, ಲೋಳೆ ಇಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದು ಟ್ಯೂಬನ್ನು ಫ್ರೀಜರಿಗೆ ಹಾಕಿ ಊಟಕ್ಕೆ ಹೋದೆ. ಈ ಕೊನೆಯ ಸಾಲನ್ನು ಮರೆಯಬೇಡಿ. ನಾನು ಮರೆತಿಲ್ಲ.

ಎರಡು ವಾರ ಕಳೆದು ಯಂತ್ರ ಓಡಿಸಿದೆ. ಯಂತ್ರ ಎಷ್ಟನೇ ಸುತ್ತಿನಲ್ಲಿ ಗುರುತು ಹಿಡಿಯಿತು ಎಂಬುದರ ಮೇಲೆ ಲೆಕ್ಕ. ಬೇಗ ಹಿಡಿದರೆ ಮಾಲು ಹೆಚ್ಚು ಎಂದರ್ಥ. ಹತ್ತು ಮಾದರಿಗಳಲ್ಲಿ ಎಲ್‌ಎಚ್ ರಿಸೆಪ್ಟರಿನ ಆದೇಶ ಮೂವತ್ತನೇ ಸುತ್ತಿನ ಆಚೆ ಎಲ್ಲೋ ಕ್ಷೀಣವಾಗಿ ಕಂಡಿತು. ಹನ್ನೊಂದನೆಯದು ಇಪ್ಪತ್ತಮೂರಕ್ಕೇ ಎದ್ದು ನಿಂತಿತು. ನೂರು ಪಟ್ಟು ಮೀರಿದ ವ್ಯತ್ಯಾಸ. ಕೈತಪ್ಪೇನೋ ಎಂದು ಮತ್ತೆ ಮಾಡಿದೆ. ಟ್ಯೂಬು ಅದಲುಬದಲಾಯಿತೇನೋ ಎಂದು ಎಲ್ಲ ಸಂಖ್ಯೆಗಳನ್ನೂ ನೋಡಿ ಮೂರನೆಯ ಸಲ ಮಾಡಿದೆ. ಅದೇ ಉತ್ತರ. ಈ ಜೀವಕೋಶಗಳ ಗೋಡೆ ತುಂಬ ಬೆಲ್‌ಗಳಿದ್ದವು. ಯಾರೂ ಒತ್ತಿರಲೇ ಇಲ್ಲ.

ಅಂದರೆ ಟ್ರಿಗರ್ ಆ ಹೆಂಗಸಿಗೆ ತಲುಪಿಲ್ಲ. ತಲುಪದಿದ್ದರೆ ಅಂಡ ಗೋಡೆ ಬಿಟ್ಟು ನೀರಿಗೆ ಇಳಿಯುವುದಿಲ್ಲ. ಸೂಜಿಗೆ ಬರೀ ನೀರು ಬರುತ್ತದೆ. ಗುಳ್ಳೆ ಖಾಲಿ ಇರಲಿಲ್ಲ.

ಡಾಕ್ಟರ ಬಳಿ ಹೋದೆ. ಅವರು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲಲಿತಾ ಅವರೇ, ನಿಮ್ಮ ಕೆಲಸ ಯಂತ್ರ ನೋಡೋದು. ಪೇಷೆಂಟ್ ನೋಡೋದು ನನ್ನ ಕೆಲಸ."

"ಯಂತ್ರ ಹೇಳ್ತಿರೋದೂ ಪೇಷೆಂಟ್ ವಿಷಯಾನೇ ಸಾರ್."

"ಎಷ್ಟು ವರ್ಷ ಆಯ್ತು ನೀವು ಪೇಷೆಂಟ್ ಮುಟ್ಟಿ?"

"ಮುಟ್ಟೇ ಇಲ್ಲ ಸಾರ್."

"ಮತ್ತೆ?" ಎಂದು ಫೈಲು ತೆರೆದು ಬೆರಳಿಟ್ಟು ತೋರಿಸಿದರು. "ಟ್ರಿಗರ್ ಕೊಟ್ಟಿದೆ. ನೋಡಿ, ಟಿಕ್ ಇದೆ. ನಿಮ್ಮ ಯಂತ್ರಕ್ಕಿಂತ ನಮ್ಮ ಸಿಸ್ಟರ್ ಮೇಲೆ ನನಗೆ ನಂಬಿಕೆ ಜಾಸ್ತಿ. ಇದನ್ನ ಹೊರಗೆ ಎಲ್ಲಾದರೂ ಆಡಿದರೆ ಆ ಕೋಣೆಗೆ ಬೀಗ ಹಾಕಿಸ್ತೀನಿ."

ಆ ಟಿಕ್ ಬಂದ ಬಗೆಯನ್ನು ನಾನು ಆಮೇಲೆ ವಿಚಾರಿಸಿಕೊಂಡೆ. ಟ್ರಿಗರನ್ನು ಮನೆಯಲ್ಲೇ ಹಾಕಿಕೊಳ್ಳುವುದು ರೂಢಿ. ಸಿಸ್ಟರ್ ಫೋನ್ ಮಾಡಿ "ಹಾಕಿದ್ರಾ?" ಎಂದಿದ್ದರು. ಆ ಕಡೆಯಿಂದ "ಹಾಕುದ್ವಿ" ಎಂದಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನಮ್ಮ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ನನಗೆ ಅಕ್ಷರ ತಿದ್ದಿಸಿದ್ದೂ ಅವರೇ, ಮಾತು ಕಲಿಸಿದ್ದೂ ಅವರೇ. ವರ್ಷಕ್ಕೊಮ್ಮೆ ಉಗ್ರಾಣದ ಸಾಮಾನಿನ ಪಟ್ಟಿ ಮಾಡುವಾಗ ಯಾವುದೋ ಹಂಡೆ, ಯಾವುದೋ ಜಮಖಾನ ಕೈಗೆ ಹತ್ತುತ್ತಿರಲಿಲ್ಲವಂತೆ. "ಆಗ ‘ಇಲ್ಲ’ ಅಂತ ಬರೀಬಾರದು ಕಣಮ್ಮ, ‘ನೋಡಿದಾಗ ಸಿಕ್ಕಲಿಲ್ಲ’ ಅಂತ ಬರೀಬೇಕು," ಎನ್ನುತ್ತಿದ್ದರು. "‘ಇಲ್ಲ’ ಅಂತ ಬರೆದ ಸಾಮಾನನ್ನ ಆಮೇಲೆ ಯಾರೂ ಹುಡುಕೋದೇ ಇಲ್ಲ." ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ತಾತನ ದನಿ. ಆದರೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಬೀಗದ ಮಾತು ಕೆಲಸ ಮಾಡಿತ್ತು.

ಆ ವಾರದ ಕೊನೆಯಲ್ಲೇ ಬೋಗಾದಿಯವರು ಜಗಳಕ್ಕೆ ಬಂದದ್ದು. ಮೊಟ್ಟೆ ಕದ್ದ ಆರೋಪ ನನ್ನ ಮೇಲಾದ್ದರಿಂದ ಡಾಕ್ಟರು ನನ್ನನ್ನು ಕರೆಸಿದ್ದರು. "ಜೀವಕೋಶ ಮಾತ್ರ ತಗೊಂಡಿದ್ದು, ಮೊಟ್ಟೆ ಅಲ್ಲ ಅಂತ ಒಂದು ಮಾತು ಹೇಳಿ, ಹೋಗಿ," ಎಂದು ಬಾಗಿಲಲ್ಲೇ ತಾಕೀತಾಗಿತ್ತು.

ಆ ಒಂದು ಮಾತು ಹೇಳಿದೆ. ಹೋಗಲಿಲ್ಲ. ಪಟ್ಟಿ ನನ್ನ ಕೈಯಲ್ಲಿ ಇಲ್ಲದಿದ್ದರೂ ಹನ್ನೊಂದನೇ ಮಾದರಿ ಬಂದ ವಾರ ಒಂದೂ ಅಂಡ ಸಿಗದವಳು ಒಬ್ಬಳೇ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. "ರೂಪಾ, ಕೊನೇ ಇಂಜೆಕ್ಷನ್ ಯಾರು ಹಾಕಿದ್ದಮ್ಮ?" ಎಂದು ಕೇಳಿದೆ.

"ಲಲಿತಾ ಅವರೇ," ಎಂದರು ಡಾಕ್ಟರು.

"ನಾನೇ ಹಾಕ್ದೆ," ಎಂದು ನಂಜುಂಡ ಎದ್ದು ನಿಂತ. "ಹತ್ತು ದಿನ ಪೆನ್ ಇಂಜೆಕ್ಷನ್ನೂ ನಾನೇ ಹಾಕಿವ್ನಿ. ಯೋಳಿದ್ ಟೈಮ್‌ಗೆ ಒಂದ್ ನಿಮಿಷ ಆಚೆಈಚೆ ಇಲ್ಲ. ಈಗ ತಪ್ಪು ನಮ್ ತಲೆ ಮೇಲೆ ಕಟ್ತೀರಾ?"

"ಕಟ್ಟಲ್ಲಪ್ಪ. ಆ ಡಬ್ಬೀಲಿ ಏನೇನಿತ್ತು ಹೇಳು, ಸಾಕು."

"ಔಷಧಿ ಇತ್ತು, ಸಿರಿಂಜ್ ಇತ್ತು."

"ಔಷಧಿ ಒಂದೇನಾ?"

ಅವನು ತಾಯಿಯ ಮುಖ ನೋಡಿದ. "ಇನ್ನೊಂದು ಖಾಲಿ ಬಾಟ್ಲಿ ಇತ್ತು," ಎಂದರು ಪುಟ್ಟತಾಯಮ್ಮ. "ಯಾವನೋ ತಪ್ಪಿ ಹಾಕವ್ನೆ ಅಂದ್ಕೊಂಡು, ಅದು ಬುಡು, ನೀರಿರೋದ್ನ ಹಾಕು ಅಂತ ನಾನೇ ಯೋಳ್ದೆ. ಯಾಕೆ, ಖಾಲಿ ಬಾಟ್ಲಿಗೂ ಲೆಕ್ಕ ಕೊಡ್ಬೇಕಾ ನಿಮ್ಗೆ?"

ಟ್ರಿಗರ್ ಔಷಧಿ ಎಷ್ಟೋ ಸಲ ಎರಡು ಭಾಗವಾಗಿ ಬರುತ್ತದೆ. ಒಂದರಲ್ಲಿ ಕಲಸಲು ಶುದ್ಧ ನೀರು. ಇನ್ನೊಂದರಲ್ಲಿ ಒಣಗಿಸಿದ ಹಾರ್ಮೋನು. ಆ ಹಾರ್ಮೋನು ಎಷ್ಟು ಕಡಿಮೆ ಎಂದರೆ ತಳದಲ್ಲಿ ಒಂದು ಬಿಳಿ ಪೊರೆ, ತೊಳೆದ ಲೋಟದಲ್ಲಿ ಉಳಿಯುವ ಗಡಸುನೀರಿನ ಕಲೆಯ ಹಾಗೆ. ಗೊತ್ತಿಲ್ಲದವರಿಗೆ ಅದು ಖಾಲಿ ಬಾಟಲಿಯೇ. ಇವರು ಹಾಕಿದ್ದು ನೀರು.

"ಆ ಬಾಟ್ಲಿ ಬಿಸಾಕಿಬಿಟ್ರಾ ಅಮ್ಮ?"

ಉತ್ತರ ಬಂದದ್ದು ರೂಪಾಳಿಂದ. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. "ಇಲ್ಲ ಮೇಡಂ. ದೇವ್ರ ಗೂಡಲ್ಲಿ ಅದೆ. ಅತ್ತೆ ಅವತ್ತು ಡಬ್ಬಿ ಬಿಚ್ಚಿ ಎಲ್ಲದುಕ್ಕೂ ಕುಂಕುಮ ಇಟ್ಟು ಪೂಜೆ ಮಾಡುದ್ರು. ಕುಂಕುಮ ಇಟ್ಟದ್ನ ಕಸಕ್ಕೆ ಹಾಕ್ಬಾರ್ದು ಅಂತ ಎತ್ತಿಟ್ಟವ್ರೆ. ನಂಜನಗೂಡಿಗೆ ಹೋದಾಗ ಹೊಳೆಗೆ ಬುಡಾನ ಅಂತ."

ನಂಜುಂಡ ಸ್ಕೂಟರ್ ಹತ್ತಿ ಹೋಗಿ ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದ. ಕರ್ಚೀಫು ಬಿಚ್ಚಿ ಮೇಜಿನ ಮೇಲಿಟ್ಟ. ಹೆಬ್ಬೆರಳಿನಷ್ಟು ಬಾಟಲಿ. ಅಲ್ಯೂಮಿನಿಯಂ ಮುಚ್ಚಳ ಭದ್ರವಾಗಿತ್ತು, ಅದರ ನೆತ್ತಿಯ ಮೇಲೆ ದುಂಡನೆಯ ಕುಂಕುಮ. ಬೆಳಕಿಗೆ ಹಿಡಿದು ತಳದ ಬಿಳಿ ಪೊರೆಯನ್ನು ಅವರಿಗೆ ತೋರಿಸಿದೆ. "ಔಷಧಿ ಇದೇ," ಎಂದೆ.

ಅಲ್ಲಿಗೆ ಎಲ್ಲ ತಿಳಿಯಾಯಿತು ಎಂದು ನೀವು ಅಂದುಕೊಂಡರೆ, ಅವತ್ತು ನಾನೂ ಹಾಗೇ ಅಂದುಕೊಂಡಿದ್ದೆ.

ಡಾಕ್ಟರು ಕೈ ತಟ್ಟಿದರು. "ನೋಡಿದ್ರಾ! ತಾವೇ ನೀರು ಹಾಕ್ಕೊಂಡು ಬಂದು ನಮ್ಮನ್ನ ಕಳ್ಳರು ಅಂತೀರಿ. ಓದೋಕೆ ಬರಲ್ವಾ ನಿಮಗೆ? ಚೀಟೀಲಿ ಬರೆದು ಕೊಟ್ಟಿದ್ದೀವಿ."

ನಂಜುಂಡ ಜೇಬಿನಿಂದ ಆ ಚೀಟಿ ತೆಗೆದು ಮೇಜಿಗೆ ಬಡಿದ. ಇಂಗ್ಲಿಷಿನ ನಾಲ್ಕು ಸಾಲು. ಬೆರೆಸಿ ಎನ್ನಲು ಅಲ್ಲಿದ್ದದ್ದು ‘ರೀಕಾನ್‌ಸ್ಟಿಟ್ಯೂಟ್’ ಎಂಬ ಒಂದೇ ಪದ. "ಐಟಿಐ ಓದಿವ್ನಿ ಸಾರ್. ಮಿಷಿನ್ ಮ್ಯಾನುಯಲ್ಲೆಲ್ಲ ಇಂಗ್ಲಿಷಲ್ಲೇ ಓದ್ತೀನಿ. ಈ ಪದ ಎಲ್ಲೂ ಕಂಡಿಲ್ಲ. ಎರ್ಡೂ ಬೆರ್ಸು ಅಂತ ಬಾಯ್ಬುಟ್ ಒಂದ್ ಮಾತು ಯೋಳುದ್ರೆ ಏನಾಗ್ತಿತ್ತು ನಿಮ್ಗೆ?"

ಪುಟ್ಟತಾಯಮ್ಮ ಬಾಟಲಿಯನ್ನೇ ನೋಡುತ್ತಿದ್ದರು. ಮೂರು ವಾರದಿಂದ ಮನೆಯಲ್ಲಿ ಸೊಸೆಯನ್ನು ಯಾವ ಪದ ಹಿಡಿದು ಕರೆದಿದ್ದರೋ ಅದೇ ಪದ ಈಗ ಅವರ ಎದುರು ಕುಂಕುಮ ಇಟ್ಟುಕೊಂಡು ನಿಂತಿತ್ತು. ಆಮೇಲೆ ನನ್ನ ಕಡೆ ನೋಡಿದರು, ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಮಗ, ಸೊಸೆ, ಡಾಕ್ಟರು ಎಲ್ಲರ ಮುಂದೆ ತಮ್ಮ ಬಾಯಿಂದಲೇ ‘ನಾನೇ ಯೋಳ್ದೆ’ ಎಂಬ ಮಾತು ಆಡಿಸಿದವಳನ್ನು ಯಾರು ತಾನೇ ಕ್ಷಮಿಸುತ್ತಾರೆ?

ರೂಪಾ ಕೇಳಿದ್ದು ಬೇರೆ. "ನಿಮ್ಗೆ ಹೆಂಗೆ ಗೊತ್ತಾಯ್ತು ಮೇಡಂ?"

ಬೆಲ್‌ಗಳ ಕಥೆಯನ್ನು ಚಿಕ್ಕದಾಗಿ ಹೇಳಿದೆ. ಹೇಳುವ ಭರದಲ್ಲಿ, ಮೊದಲ ದಿನವೇ ಜೀವಕೋಶಗಳು ಹಾಳೆಹಾಳೆಯಾಗಿ ವಿಚಿತ್ರವಾಗಿ ಕಂಡಿದ್ದವು ಎಂದುಬಿಟ್ಟೆ.

"ಅವತ್ತೇ ನೋಡಿದ್ರಾ?" ಎಂದಳು. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಇಷ್ಟು ಬೈಗುಳದ ನಡುವೆ ನನಗೆ ನಿಜವಾಗಿ ತಗುಲಿದ್ದು ಆ ಮೆಲುದನಿಯ ಪ್ರಶ್ನೆ. ಮೊದಲೆರಡು ಟ್ಯೂಬು ನೋಡಿದಾಗಲೇ ಒಂದು ಮಾತು ಕೇಳಿದ್ದರೆ, ರಕ್ತದಲ್ಲಿ ಎಚ್‌ಸಿಜಿ ಇದೆಯೇ ಎಂದು ಆಗಲೇ ಪರೀಕ್ಷೆ ಮಾಡಿಸಬಹುದಿತ್ತು. ಇಲ್ಲವೆಂದು ಗೊತ್ತಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಗುಳ್ಳೆಗಳಿಗಾಗಿ ಮತ್ತೆ ಟ್ರಿಗರ್ ಕೊಟ್ಟು ಮತ್ತೊಮ್ಮೆ ಪ್ರಯತ್ನಿಸಬಹುದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದು ಊಟಕ್ಕೆ ಹೋಗಿದ್ದೆ. "ತಪ್ಪಾಯ್ತಮ್ಮ. ಕೇಳಬೇಕಾಗಿತ್ತು, ಕೇಳಲಿಲ್ಲ," ಎಂದೆ.

ಅವಳು ಎದ್ದು ಫೈಲನ್ನು ಡಾಕ್ಟರ ಮುಂದೆ ಇಟ್ಟಳು. "ಇದ್ನ ಹೊಡ್ದಾಕಿ ಸಾರ್. ಇಲ್ಲ ಅಂತ ಬರ್ದಿದೀರಲ್ಲ, ಇದ್ನ."

"ಬರೆದದ್ದನ್ನ ಹೊಡೆಯೋಕೆ ಇದು ಸ್ಕೂಲ್ ಸ್ಲೇಟಲ್ಲ," ಎಂದರು ಅವರು. ಸಾಲು ಹಾಗೇ ಉಳಿಯಿತು. ಆ ಫೈಲು ಹಿಡಿದು ಇನ್ನೆಲ್ಲಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಆ ಸಾಲೇ ಎಂದು ನನಗೆ ಗೊತ್ತಿತ್ತು. ನಾನು ನನ್ನ ಕೋಣೆಗೆ ಹೋಗಿ ಒಂದು ಹಾಳೆ ಬರೆದೆ: ಹನ್ನೊಂದನೇ ಮಾದರಿಯಲ್ಲಿ ಎಲ್‌ಎಚ್ ರಿಸೆಪ್ಟರ್ ಇಳಿದಿಲ್ಲ, ಟ್ರಿಗರ್ ಔಷಧಿಯ ಬಾಟಲಿ ತೆರೆಯದೆ ಉಳಿದಿತ್ತು, ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಅಂಡ ಇಲ್ಲ ಎನ್ನಲಾಗದು, ಅಂದು ಸಿಕ್ಕಲಿಲ್ಲ ಎನ್ನಬಹುದು. ಕೆಳಗೆ ರುಜು ಹಾಕಿ, ಲಿಫ್ಟಿನ ಬಳಿ ನಿಂತಿದ್ದ ರೂಪಾಳ ಕೈಗೆ ಕೊಟ್ಟೆ. ಅವಳು ಓದಿ ಫೈಲಿನೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟಳು. ಥ್ಯಾಂಕ್ಸ್ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಆಸ್ಪತ್ರೆಯ ಕಾಗದದ ಮೇಲೆ ಅಧಿಕಾರವಿಲ್ಲದೆ ಬರೆದೆನೆಂದು ನನಗೆ ನೋಟಿಸು ಬಂತು. ತಿಂಗಳು ತುಂಬಿದಾಗ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಕೋಣೆಯ ಬೀಗದ ಕೈ ಒಪ್ಪಿಸಲು ಹೋದಾಗ ಡಾಕ್ಟರು ತಲೆ ಎತ್ತದೆ, "ಟೇಬಲ್ ಮೇಲಿಡಿ," ಎಂದರು. ಮುಂದಿನ ವರ್ಷ ಆ ಚೀಟಿಯನ್ನು ಕನ್ನಡದಲ್ಲಿ, ಚಿತ್ರ ಸಮೇತ ಅಚ್ಚು ಹಾಕಿಸಿದರಂತೆ. ಯಾಕೆಂದು ಕೇಳಿದವರಿಗೆ ಸಂದರ್ಭ ಹೇಳಲಿಲ್ಲವಂತೆ. ಇರಲಿ, ಅಚ್ಚಾಯಿತಲ್ಲ.

ಮೂವತ್ತು ವರ್ಷ ನಾನು ಹುಡುಗರಿಗೆ ಕಲಿಸಿದ್ದು ಅಳೆಯುವುದನ್ನು. ಅಳತೆ ಸಿಗುವ ಮುಂಚೆಯೇ ಬಾಯಿ ತೆರೆದು ಕೇಳಬೇಕಾದ ಗಳಿಗೆಯೊಂದು ಇರುತ್ತದೆ ಎಂದು ನನಗೆ ಕಲಿಸಿದ್ದು ಹನ್ನೊಂದನೇ ಮಾದರಿ.

ಸುಮಾರು ಒಂದು ವರ್ಷದ ಮೇಲೆ, ಗೌರಿ ಹಬ್ಬದ ಹಿಂದಿನ ದಿನ, ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಪುಟ್ಟತಾಯಮ್ಮ ಎದುರಾದರು. ನನ್ನನ್ನು ಗುರುತು ಹಿಡಿದು ಮುಖ ತಿರುಗಿಸಿಕೊಂಡು ಮುಂದೆ ನಡೆದರು. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ರೂಪಾ ಬರುತ್ತಿದ್ದಳು. ಒಂದು ಕೈಯಲ್ಲಿ ಸೇವಂತಿಗೆಯ ಚೀಲ ಇತ್ತು. ನನ್ನ ಪಕ್ಕ ಬಂದಾಗ ಅವಳು ನಿಲ್ಲಲಿಲ್ಲ. ಇನ್ನೊಂದು ಕೈಯನ್ನು ಸೊಂಟದ ಬಳಿಯೇ ಇಟ್ಟುಕೊಂಡು, ಅತ್ತೆಗೆ ಕಾಣದ ಹಾಗೆ, ಮೊದಲು ಐದೂ ಬೆರಳು ಬಿಡಿಸಿದಳು. ಮಡಚಿದಳು. ಆಮೇಲೆ ಎರಡು ಬೆರಳು ತೋರಿಸಿ, ತುಟಿಯಲ್ಲೇ "ಸಿಕ್ಕುದ್ವು" ಎಂದಳು.